ಮಳೆ ಮೂಡಣಕ್ಕೆ ಹೊರಳುವ ತಿಂಗಳು

ಚೌತಿಯ ಗಣಪನನ್ನು ನೀರಿಗೆ ಬಿಟ್ಟು ಬಂದ ಮೇಲೆ ಉತ್ತರ ಕನ್ನಡದ ಕರಾವಳಿಯಲ್ಲಿ ಗದ್ದೆಯವರು, ತೋಟದವರು, ಬೋಟಿನವರು ಎಲ್ಲರೂ ಕೇಳುವುದು ಒಂದೇ ಮಾತು: ಮಳೆ ಇನ್ನೆಷ್ಟು ದಿನ? ಇದಕ್ಕೆ ಒಬ್ಬೊಬ್ಬರ ಕ್ಯಾಲೆಂಡರು ಒಂದೊಂದು ಉತ್ತರ ಕೊಡುತ್ತದೆ. ಹವಾಮಾನ ಇಲಾಖೆಯ ಲೆಕ್ಕದ ಮುಂಗಾರು ಜೂನ್ 1ಕ್ಕೆ ಶುರುವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಯಾಂತ್ರಿಕ ಬೋಟುಗಳ ಮೇಲಿನ ನಿಷೇಧ ಜುಲೈ 31ಕ್ಕೇ ಮುಗಿದು, ಆಗಸ್ಟ್ ಮೊದಲ ದಿನದಿಂದ ಮೀನುಗಾರಿಕೆ ಆರಂಭವಾಗುತ್ತದೆ. ಕೊಂಕಣ ರೈಲ್ವೆ ಮಾತ್ರ ರೈಲುಗಳ ವೇಗ ತಗ್ಗಿಸಿದ ಮಳೆಗಾಲದ ವೇಳಾಪಟ್ಟಿಯನ್ನು ಅಕ್ಟೋಬರ್‌ವರೆಗೂ ಬಿಡುವುದಿಲ್ಲ. ಪಂಚಾಂಗ ನೋಡುವ ಹಿರಿಯರು ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ಬೆರಳು ಮಡಿಸುತ್ತ ನವೆಂಬರಿನ ಮೊದಲ ವಾರದವರೆಗೂ ಮಳೆಯ ಹೆಸರು ಹೇಳುತ್ತಾರೆ.

ನನ್ನ ಮಟ್ಟಿಗೆ ಈ ನೆಲದ ಸ್ವಭಾವಕ್ಕೆ ಹತ್ತಿರವಾದದ್ದು ಆ ಕೊನೆಯ ಲೆಕ್ಕವೇ. ಭಟ್ಕಳದಿಂದ ಕಾರವಾರದವರೆಗಿನ ಐದು ತಾಲ್ಲೂಕುಗಳಲ್ಲಿ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ಬೀಳುವ ಮಳೆಯನ್ನು ಮುಂಗಾರಿನ ಉಳಿಕೆ ಎಂದು ನೋಡುವುದು ನಮ್ಮ ರೂಢಿ. ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ, ಕಚೇರಿಗಳೂ ಹಾಗೆಯೇ ನಡೆದುಕೊಳ್ಳುತ್ತವೆ. ಆದರೆ ಈ ಮಳೆ ಹುಟ್ಟುವ ಜಾಗ ಬೇರೆ, ಬರುವ ಹೊತ್ತು ಬೇರೆ, ಕೆಡಿಸುವ ರೀತಿ ಬೇರೆ. ಅದಕ್ಕೆ ಅದರದೇ ಮುನ್ನೋಟ ಬೇಕು. ಆ ಮುನ್ನೋಟವನ್ನು ಓದುವ ಕ್ರಮವೂ ಬೇರೆಯೇ ಇರಬೇಕು.

ಮೊದಲು ಆಷಾಢ, ಶ್ರಾವಣಗಳ ಮಳೆಯನ್ನು ನೆನಪಿಗೆ ತಂದುಕೊಳ್ಳೋಣ. ಆಗ ಅರಬ್ಬಿ ಸಮುದ್ರದ ಮೇಲೆ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಪಡುವಣದ ಬಲವಾದ ಗಾಳಿ ಸೊಮಾಲಿಯಾ ತೀರದ ಕಡೆಯಿಂದ ನಮ್ಮತ್ತ ಬೀಸುತ್ತಿರುತ್ತದೆ. ಪಶ್ಚಿಮ ತೀರದ ಉದ್ದಕ್ಕೂ ವಾಯುಭಾರದ ತಗ್ಗೊಂದು ಚಾಚಿಕೊಂಡಿರುತ್ತದೆ. ತೇವ ಹೊತ್ತ ಆ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದಂತೆ ಸುರಿಯುತ್ತದೆ. ಕಾರವಾರ, ಅಂಕೋಲಾದ ಕಡೆ ಗುಡ್ಡಗಳು ಸಮುದ್ರದ ದಡಕ್ಕೇ ಇಳಿದು ನಿಂತಿರುವುದರಿಂದ ಗಾಳಿಯ ಏರಿಕೆ ತೀರದಲ್ಲೇ ಆರಂಭ. ಆ ಮೋಡಗಳಲ್ಲಿ ಹೆಚ್ಚಿನವು ತುಂಬ ಎತ್ತರಕ್ಕೆ ಬೆಳೆಯುವುದಿಲ್ಲ. ಹಾಗಾಗಿ ಗುಡುಗು ಕಡಿಮೆ, ಸಿಡಿಲು ಇನ್ನೂ ಕಡಿಮೆ. ಹಗಲು ರಾತ್ರಿಯೆಂಬ ಭೇದವೂ ಇಲ್ಲ. ಕರಾವಳಿ ಕರ್ನಾಟಕದ ಜುಲೈ ಸರಾಸರಿ ಸಾವಿರ ಮಿಲಿಮೀಟರ್ ದಾಟುತ್ತದೆ, ಎಂದರೆ ದಿನಕ್ಕೆ 35 ಮಿ.ಮೀ. ಆಸುಪಾಸು. ಅಷ್ಟು ನೀರು ಬರುವುದೇ ವಾಡಿಕೆ ಎಂದು ತಿಳಿದೇ ಇಲ್ಲಿಯವರು ಮಾಡಿನ ಇಳಿಜಾರು ಇಟ್ಟರು, ಗದ್ದೆಗೆ ಬದು ಹಾಕಿದರು, ತೋಟದಲ್ಲಿ ಕಾಲುವೆ ತೆಗೆದರು.

ಭಾದ್ರಪದಕ್ಕೆ ಬಂದರೆ ಈ ಏರ್ಪಾಡು ಒಂದೊಂದಾಗಿ ಸಡಿಲುತ್ತದೆ. ಸೂರ್ಯ ಆಗಸ್ಟ್ ಎರಡನೇ ವಾರದ ಹೊತ್ತಿಗೇ ಕಾರವಾರದ ನೆತ್ತಿ ದಾಟಿ ದಕ್ಷಿಣಕ್ಕೆ ಸರಿದಿರುತ್ತಾನೆ, ಆದರೆ ಮೋಡದ ಮರೆಯಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಸೆಪ್ಟೆಂಬರಿನಲ್ಲಿ ಮೋಡ ಹರಿದಾಗ ನೆಲ ಒಮ್ಮೆಲೇ ಕಾಯತೊಡಗುತ್ತದೆ. ಉತ್ತರ ಭಾರತದಲ್ಲಿ ನೆಲ ತಣಿದು ಅಲ್ಲಿನ ವಾಯುಭಾರ ಏರುವುದರಿಂದ ಪಡುವಣ ಗಾಳಿಯನ್ನು ಎಳೆಯುತ್ತಿದ್ದ ಶಕ್ತಿ ಕುಂದುತ್ತದೆ. ಪಶ್ಚಿಮ ರಾಜಸ್ಥಾನದಿಂದ ಮುಂಗಾರು ಕಾಲ್ತೆಗೆಯುವ ವಾಡಿಕೆಯ ದಿನ ಸೆಪ್ಟೆಂಬರ್ 17. ಇಲಾಖೆ 2020ರಲ್ಲಿ ಹೊಸ ದಿನಾಂಕಗಳನ್ನು ಗೊತ್ತು ಮಾಡುವ ಮುಂಚೆ ಅದು ಸೆಪ್ಟೆಂಬರ್ 1 ಆಗಿತ್ತು. ಅಲ್ಲಿಂದ ಹಿಂದೆಗೆತದ ಗೆರೆ ಮೆಲ್ಲಗೆ ಕೆಳಗಿಳಿದು ಅಕ್ಟೋಬರ್ 15ರ ಹೊತ್ತಿಗೆ ಇಡೀ ದೇಶವನ್ನು ದಾಟುತ್ತದೆ. ಭೂಪಟದ ಮೇಲೆ ಆ ಗೆರೆ ಕಾರವಾರವನ್ನು ದಾಟಿದ್ದನ್ನು ನೋಡಿ ಮಳೆ ನಿಂತಿತು ಎಂದುಕೊಂಡರೆ ಮೋಸ ಹೋಗುತ್ತೇವೆ. ಆ ಗೆರೆ ಹೇಳುವುದು ಗಾಳಿಯ ಸುದ್ದಿಯನ್ನು. ಮೋಡ ಹರಿಯಿತು ಎಂಬ ಭರವಸೆಯನ್ನು ಅದು ಕೊಡುವುದಿಲ್ಲ.

ಈ ತಿಂಗಳಲ್ಲಿ ಮಳೆಯ ದಿಕ್ಕೇ ಬದಲಾಗುತ್ತದೆ. ಜುಲೈಯಲ್ಲಿ ಮಳೆ ಬರುತ್ತದೋ ಎಂದು ತಿಳಿಯಲು ಕುಮಟಾದವರು, ಹೊನ್ನಾವರದವರು ಕಡಲಿನ ಕಡೆ ನೋಡುತ್ತಾರೆ. ಉತ್ತರೆ ಮಳೆ ಮುಗಿಯುವ ಹೊತ್ತಿಗೆ ನೋಟ ಘಟ್ಟದ ಕಡೆಗೆ ತಿರುಗುತ್ತದೆ. ಬೆಳಿಗ್ಗೆ ಚೊಕ್ಕ ಬಿಸಿಲು, ಹತ್ತು ಗಂಟೆಗೇ ಮೈ ಅಂಟುವ ಸೆಕೆ. ಮಧ್ಯಾಹ್ನದ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮೇಲೆ ಬಿಳಿ ಮೋಡಗಳು ಏಳುತ್ತವೆ. ತಿಂಗಳುಗಟ್ಟಲೆ ನೆನೆದ ಕಾಡು, ತುಂಬಿದ ಕೆರೆ ಗದ್ದೆಗಳು ಬಿಸಿಲಿಗೆ ಆವಿ ಬಿಡುತ್ತಿರುವುದರಿಂದ ಈ ಮೋಡಗಳಿಗೆ ತೇವದ ಕೊರತೆಯಿಲ್ಲ. ಮುಂಗಾರಿನ ಗಾಳಿ ಇವನ್ನು ಅದುಮಿ ಹಿಡಿಯುತ್ತಿತ್ತು. ಈಗ ಆ ಹಿಡಿತವಿಲ್ಲದ್ದರಿಂದ ಹನ್ನೆರಡು, ಹದಿನಾಲ್ಕು ಕಿಲೋಮೀಟರ್ ಎತ್ತರಕ್ಕೂ ಬೆಳೆಯುತ್ತವೆ. ಅತ್ತ ಕಡಲ ಗಾಳಿ ಮಧ್ಯಾಹ್ನ ಒಳನಾಡಿಗೆ ನುಗ್ಗಿ ಘಟ್ಟದ ಬುಡದಲ್ಲಿ ಇನ್ನಷ್ಟು ತೇವ ತುಂಬುತ್ತದೆ. ಸಂಜೆಯಾಗುತ್ತಲೇ ಮೇಲ್ಮಟ್ಟದ ಮೂಡಣ ಗಾಳಿ ಈ ಮೋಡಗಳನ್ನು ಘಟ್ಟದಿಂದ ಕೆಳಕ್ಕೆ, ಕರಾವಳಿಯ ಕಡೆಗೆ ತಳ್ಳುತ್ತದೆ. ನಾಲ್ಕು ಗಂಟೆಗೆ ದೂರದಲ್ಲಿ ಗುಡುಗು, ಆರಕ್ಕೆ ಅಂಗಳದಲ್ಲಿ ಮಳೆ. ಒಂದು ತಾಸಿನಲ್ಲಿ ಎಲ್ಲ ಮುಗಿದು ನಕ್ಷತ್ರ ಕಾಣುತ್ತದೆ.

ಅಷ್ಟು ಎತ್ತರದ ಮೋಡದೊಳಗೆ ಹೆಪ್ಪುಗಟ್ಟದ ನೀರಿನ ಹನಿಗಳ ನಡುವೆ ಹಿಮದ ಹರಳುಗಳೂ ಮೆತ್ತನೆಯ ಆಲಿಕಲ್ಲಿನ ಚೂರುಗಳೂ ಒಂದಕ್ಕೊಂದು ತಾಗಿ ವಿದ್ಯುದಂಶ ಬೇರ್ಪಡುತ್ತದೆ. ಸಿಡಿಲಿನ ಮೂಲ ಅಲ್ಲಿದೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ನಾವು ಹೆದರುತ್ತೇವೆ, ಆಶ್ವಯುಜದ ಸಿಡಿಲನ್ನು ಮರೆಯುತ್ತೇವೆ. ಅದೇ ಹೊತ್ತಿನಲ್ಲಿ ಗದ್ದೆಗಳಲ್ಲಿ ಕೊಯ್ಲು, ಅಡಿಕೆ ತೋಟಗಳಲ್ಲಿ ಕೊನೆಯ ಸುತ್ತಿನ ಮದ್ದು ಹೊಡೆಯುವ ಕೆಲಸ. ಈಗ ಮರ ಹತ್ತುವವರು ಸಿಗದೆ ನೆಲದಲ್ಲೇ ನಿಂತು ಉದ್ದನೆಯ ದೋಟಿಯಿಂದ ಮದ್ದು ಹೊಡೆಯುವುದು ಹೆಚ್ಚಾಗಿದೆ. ಅಲ್ಯೂಮಿನಿಯಂ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ದೋಟಿಯಲ್ಲೂ ಹರಿಯುತ್ತದೆ ಎಂಬುದು ಗೊತ್ತಿರುವವರು ಕಡಿಮೆ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಎಂದರ್ಥ. ದೋಟಿ ಕೆಳಗಿಟ್ಟು ಮನೆಯೊಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ತಾಸಾಗುವವರೆಗೆ ಹೊರಗೆ ಬರಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಆದರೆ ತೋಟದ ತಗ್ಗಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗದ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿ ಕಣ್ಣು ಕಿವಿಗಳನ್ನೇ ನಂಬಬೇಕು.

ಇನ್ನು ಇಲಾಖೆಯ ಮುನ್ನೋಟ. ಆಗಸ್ಟ್ ಕೊನೆಗೆ ಅದು ಸೆಪ್ಟೆಂಬರಿನ ಅಂದಾಜು ಹೇಳುತ್ತದೆ, ಸೆಪ್ಟೆಂಬರ್ ಕೊನೆಗೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನದು. ‘ದೀರ್ಘಾವಧಿ ಸರಾಸರಿಯ ಇಂತಿಷ್ಟು ಶೇಕಡಾ’ ಎಂಬ ಭಾಷೆಯಲ್ಲಿ ಅದು ಮರುದಿನದ ಪತ್ರಿಕೆಯ ಮೊದಲ ಪುಟಕ್ಕೆ ಬರುತ್ತದೆ. ಇಡೀ ದೇಶದ ಧಾನ್ಯದ ಲೆಕ್ಕ ಹಾಕುವವರಿಗೆ ಈ ಅಂಕಿ ಬೇಕೇ ಬೇಕು. ಅಂಕೋಲಾದ ರೈತನಿಗೆ ಅದರಿಂದ ಆಗುವ ಉಪಯೋಗ ಬಹಳ ಕಡಿಮೆ. ಕರಾವಳಿ ಕರ್ನಾಟಕದ ನಾಲ್ಕು ತಿಂಗಳ ಮುಂಗಾರಿನ ಸರಾಸರಿ ಸುಮಾರು 3,100 ಮಿ.ಮೀ. ಅದರಲ್ಲಿ ಸೆಪ್ಟೆಂಬರಿನ ಪಾಲು ಮುನ್ನೂರರ ಆಸುಪಾಸು. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳದ್ದು ಸುಮಾರು 260, ಅದರಲ್ಲೂ ಹೆಚ್ಚಿನದು ಅಕ್ಟೋಬರಿನಲ್ಲೇ. ಇಷ್ಟು ಸಣ್ಣ ಮೊತ್ತದಲ್ಲಿ ಒಂದೇ ರಾತ್ರಿಯ ಮಳೆ ಇಡೀ ತಿಂಗಳನ್ನು ‘ಕೊರತೆ’ಯಿಂದ ‘ಅಧಿಕ’ಕ್ಕೆ ಎತ್ತಿಬಿಡುತ್ತದೆ. ಇಪ್ಪತ್ತೈದು ದಿನ ಬಿಸಿಲು ಕಾದು ಎರಡು ದಿನ ಬಡಿದ ತಿಂಗಳಿಗೂ, ದಿನಕ್ಕಿಷ್ಟು ಎಂದು ಹದವಾಗಿ ಬಿದ್ದ ತಿಂಗಳಿಗೂ ಕೊನೆಗೆ ಬರೆಯುವುದು ಒಂದೇ ಶೇಕಡಾವಾರು.

ಮುನ್ನೋಟವೇ ತಪ್ಪುವ ವರ್ಷಗಳೂ ಇವೆ. 2019ರಲ್ಲಿ ಇಲಾಖೆಯ ಅಂದಾಜು ಸರಾಸರಿಯ ಶೇ 96, ಬಿದ್ದದ್ದು ಶೇ 110. ಆ ಸೆಪ್ಟೆಂಬರಿನಲ್ಲಂತೂ ದೇಶದಲ್ಲಿ ವಾಡಿಕೆಯ ಒಂದೂವರೆ ಪಟ್ಟು ಮಳೆ. ರಾಜಸ್ಥಾನದಿಂದ ಮುಂಗಾರು ಹಿಂದೆಗೆಯಲು ಶುರುಮಾಡಿದ್ದೇ ಅಕ್ಟೋಬರ್ 9ಕ್ಕೆ. ಅದರ ಹಿಂದಿದ್ದ ಕಾರಣಗಳಲ್ಲಿ ಒಂದನ್ನು ನಮ್ಮ ಜನ ತಿಳಿದುಕೊಳ್ಳಬೇಕು, ಏಕೆಂದರೆ ಅದು ಈ ತಿಂಗಳುಗಳಲ್ಲೇ ಬಲಿಯುವಂಥದ್ದು. ಹಿಂದೂ ಮಹಾಸಾಗರದ ಪಡುವಣ ಭಾಗ ಬೆಚ್ಚಗಾಗಿ, ಸುಮಾತ್ರಾದ ಕಡೆಯ ಮೂಡಣ ಭಾಗ ತಣ್ಣಗಾಗುವ ಸ್ಥಿತಿಗೆ ಹಿಂದೂ ಮಹಾಸಾಗರದ ದ್ವಿಧ್ರುವ ಎನ್ನುತ್ತಾರೆ. ವಿಜ್ಞಾನಿಗಳು ಅದನ್ನು ಗುರುತಿಸಿ ಹೆಸರಿಟ್ಟದ್ದು 1999ರಲ್ಲಿ. ಅದು ತನ್ನ ಗರಿಷ್ಠ ಮಟ್ಟ ಮುಟ್ಟುವುದು ಸೆಪ್ಟೆಂಬರಿನಿಂದ ನವೆಂಬರಿನ ನಡುವೆ. 2019ರಲ್ಲಿ ಅದು ಅಸಾಧಾರಣ ಬಲದಲ್ಲಿತ್ತು. 2023ರಲ್ಲೂ ನೋಡಿ: ಎಲ್ ನಿನೊ ವರ್ಷ, ದೇಶದ ಮಟ್ಟಿಗೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್. ಸೆಪ್ಟೆಂಬರಿನಲ್ಲಿ ಮಾತ್ರ ಮಳೆ ವಾಡಿಕೆಗಿಂತ ಶೇ 13ರಷ್ಟು ಹೆಚ್ಚು. ಆ ಚೇತರಿಕೆಯಲ್ಲಿ ದ್ವಿಧ್ರುವದ ನೆರವೂ ಇತ್ತು.

ಎಲ್ ನಿನೊ ಎಂದಾಕ್ಷಣ ಬರ ಎಂದು ಗಾಬರಿಯಾಗುವವರಿಗೆ ಇನ್ನೊಂದು ಮಾತು. ಪೆಸಿಫಿಕ್ ಸಾಗರದ ಆ ಬಿಸಿ ನೀರು ಮುಂಗಾರನ್ನು ಕುಗ್ಗಿಸುವುದು ಹೌದು. ಆದರೆ ಅಕ್ಟೋಬರಿನ ನಂತರ ದಕ್ಷಿಣ ಭಾರತದ ಹಿಂಗಾರಿನ ಮೇಲೆ ಅದರ ಪರಿಣಾಮ ಬಹಳ ಸಲ ತಿರುಗುಮುರುಗು. ತಮಿಳುನಾಡಿನ ತೀರಕ್ಕೆ ಎಲ್ ನಿನೊ ವರ್ಷಗಳಲ್ಲಿ ಹೆಚ್ಚು ಮಳೆ ಬರುವ ಒಲವಿದೆ. ನಮ್ಮ ತೀರದ ಮೇಲೆ ಈ ನಂಟು ಅಷ್ಟು ಬಿಗಿಯಲ್ಲವಾದರೂ, ಒಂದೇ ಕಾರಣ ಸೆಪ್ಟೆಂಬರಿನಲ್ಲಿ ಒಂದು ಕಡೆಗೂ ಅಕ್ಟೋಬರಿನಲ್ಲಿ ಇನ್ನೊಂದು ಕಡೆಗೂ ಎಳೆಯಬಲ್ಲದು ಎಂಬುದು ನೆನಪಿರಲಿ.

ಈ ತಿಂಗಳುಗಳಲ್ಲಿ ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸುವುದು ಪ್ರತಿ ಗುರುವಾರ ಇಲಾಖೆ ಹೊರಡಿಸುವ ಮುಂದಿನ ನಾಲ್ಕು ವಾರಗಳ ಮುನ್ನೋಟ. ಅದು ಪತ್ರಿಕೆಗಳಲ್ಲಿ ಬರುವುದು ಅಪರೂಪ. ಸಮಭಾಜಕದ ಸುತ್ತ ಪಡುವಣದಿಂದ ಮೂಡಣಕ್ಕೆ ಸಾಗುವ ಮೋಡಗಳ ದೊಡ್ಡ ಅಲೆಯೊಂದಿದೆ, ಮೂವತ್ತರಿಂದ ಅರವತ್ತು ದಿನಕ್ಕೊಮ್ಮೆ ಮರಳಿ ಬರುವಂಥದ್ದು. 1971ರಲ್ಲಿ ಅದನ್ನು ಗುರುತಿಸಿದ ಇಬ್ಬರ ಹೆಸರಿನಲ್ಲಿ ಮ್ಯಾಡೆನ್-ಜೂಲಿಯನ್ ಆಂದೋಲನ ಎಂದು ಕರೆಯುತ್ತಾರೆ. ಅದು ಹಿಂದೂ ಮಹಾಸಾಗರದ ಮೇಲಿದ್ದ ದಿನಗಳಲ್ಲಿ ನಮ್ಮ ಎರಡೂ ಕಡಲುಗಳಲ್ಲಿ ವಾಯುಭಾರ ಕುಸಿತ ಹುಟ್ಟಲು ಅನುಕೂಲ, ಪೆಸಿಫಿಕ್ ಕಡೆಗೆ ಹೋದ ಮೇಲೆ ಒಣ ದಿನಗಳಿಗೆ ಅವಕಾಶ. ಯಾವ ವಾರ ತೇವ, ಯಾವ ವಾರ ಒಣ ಎಂಬ ಒಲವನ್ನು ಹತ್ತು ಹದಿನೈದು ದಿನ ಮುಂಚಿತವಾಗಿ ಹೇಳಲು ಅದು ನೆರವಾಗುತ್ತದೆ. ಕೊಯ್ಲಿನ ದಿನ ಗೊತ್ತುಮಾಡುವವನಿಗೆ ಬೇಕಾದದ್ದು ಅದೇ ಅಲ್ಲವೇ?

ಗುಡುಗಿನ ಮಳೆಗಿಂತ ದೊಡ್ಡದು ಬಂಗಾಳಕೊಲ್ಲಿಯಿಂದ ಬರುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಆ ಕಡಲಿನಲ್ಲಿ ಹುಟ್ಟುವ ವಾಯುಭಾರ ಕುಸಿತಗಳು ಮಳೆಗಾಲದ ನಡುವಿನವುಗಳಿಗಿಂತ ದಕ್ಷಿಣದಲ್ಲಿ, ಆಂಧ್ರದ ತೀರದ ಕಡೆಗೆ ಬರುವುದುಂಟು. ಅವು ತೆಲಂಗಾಣ, ರಾಯಲಸೀಮೆಯ ಮೇಲೆ ಸಾಗುವಾಗ ಅರಬ್ಬಿ ಸಮುದ್ರದ ತೇವವನ್ನು ಮತ್ತೆ ತಮ್ಮತ್ತ ಸೆಳೆಯುತ್ತವೆ. ಸತ್ತೇಹೋಯಿತು ಎಂದುಕೊಂಡಿದ್ದ ಪಡುವಣ ಗಾಳಿ ಎರಡು ಮೂರು ದಿನ ಮರಳಿ ಬೀಸುತ್ತದೆ, ಘಟ್ಟ ಮತ್ತೆ ಅದಕ್ಕೆ ಅಡ್ಡ ನಿಲ್ಲುತ್ತದೆ. 2009ರ ಅಕ್ಟೋಬರ್ 2ರಂದು ಆದದ್ದು ಇಂಥದ್ದು. ಅಂದು ಉತ್ತರ ಕರ್ನಾಟಕದ ಜಿಲ್ಲೆಗಳೂ ಆಂಧ್ರದ ಕರ್ನೂಲೂ ಮುಳುಗಿದ್ದವು. ಗೋವೆಯ ಕಾಣಕೋಣದಲ್ಲಿ ದಿಢೀರ್ ನೆರೆ ನುಗ್ಗಿತು. ಕಾರವಾರದ ಪಕ್ಕದ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಮಣ್ಣಿನಡಿ ಸತ್ತರು. ಪಂಚಾಂಗದಲ್ಲಿ ಅದು ಹಸ್ತ ಮಳೆಯ ಹೊತ್ತು. ಇಲಾಖೆಯ ಕಡತದಲ್ಲಿ ಮುಂಗಾರು ಹಂಗಾಮು ಮುಗಿದು ಎರಡನೇ ದಿನ.

ಜೂನಿನಲ್ಲಿ ಅಷ್ಟೇ ಮಳೆ ಬಿದ್ದಿದ್ದರೆ ಗುಡ್ಡ ನಿಲ್ಲುವ ಸಾಧ್ಯತೆ ಹೆಚ್ಚಿರುತ್ತಿತ್ತು. ಬೇಸಿಗೆ ಕಳೆದ ಮಣ್ಣಿನಲ್ಲಿ ನೀರಿಗೆ ಜಾಗವಿರುತ್ತದೆ. ನಾಲ್ಕು ತಿಂಗಳ ನಂತರ ಜಂಬಿಟ್ಟಿಗೆ ಕಲ್ಲಿನ ಕೆಳಗಿನ ಜೇಡಿ ಪದರ ಪೂರ್ತಿ ನೆನೆದಿರುತ್ತದೆ, ಒರತೆಗಳೆಲ್ಲ ಎದ್ದಿರುತ್ತವೆ, ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡವೇ ಅವನ್ನು ಒಂದರಿಂದೊಂದು ಸಡಿಲಿಸುತ್ತಿರುತ್ತದೆ. ಅದರ ಮೇಲೆ ರಸ್ತೆಗೋ ಮನೆಗೋ ಗುಡ್ಡದ ಬುಡ ಕಡಿದಿದ್ದರೆ ಹೇಳುವುದೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿದ್ದನ್ನು ಇಡೀ ದೇಶ ನೋಡಿತು. ಅದು ಮಳೆಗಾಲದ ನಟ್ಟನಡುವೆ ಆದದ್ದು. ಅಂಥ ಕಡಿದ ಗುಡ್ಡಗಳು ಸೆಪ್ಟೆಂಬರ್ ಬಂತೆಂದು ಗಟ್ಟಿಯಾಗುವುದಿಲ್ಲ. ಮಳೆ ಕಡಿಮೆಯಾಯಿತೆಂದು ಕಾವಲು ತೆಗೆಯುವವರು ಝರಿವಾಡದ ತಾರೀಕನ್ನು ಒಮ್ಮೆ ನೋಡಬೇಕು.

ಎಚ್ಚರಿಕೆಯ ಬಣ್ಣಗಳ ಬಗ್ಗೆಯೂ ಇದೇ ಕಾರಣಕ್ಕೆ ಹೇಳಬೇಕಾದದ್ದಿದೆ. ಇಪ್ಪತ್ತನಾಲ್ಕು ತಾಸಿನಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ ಎಂಬುದು ಇಲಾಖೆಯ ವರ್ಗೀಕರಣ. ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆವರೆಗೆ ಅಳತೆ. ಜುಲೈಯಲ್ಲಿ 70 ಮಿ.ಮೀ. ಎಂದರೆ ದಿನವಿಡೀ ಹಂಚಿ ಬಿದ್ದದ್ದು, ಶಾಲೆ ಅಂಗಡಿ ಎಲ್ಲ ನಡೆಯುತ್ತದೆ. ಅಕ್ಟೋಬರಿನಲ್ಲಿ ಅದೇ 70 ಒಂದೂವರೆ ತಾಸಿನಲ್ಲಿ ಬಿದ್ದು ಪೇಟೆಯ ಚರಂಡಿ ಉಕ್ಕಿಸಬಹುದು. ಹಳದಿ ಬಣ್ಣ ಎರಡಕ್ಕೂ ಒಂದೇ. ಆದ್ದರಿಂದ ಆಶ್ವಯುಜದಲ್ಲಿ ಬೆಳಗಿನ ಬಣ್ಣ ನೋಡಿ ಸುಮ್ಮನಾಗದೆ, ಮಧ್ಯಾಹ್ನದ ನಂತರ ಮೂರು ಮೂರು ತಾಸಿಗೆ ಇಲಾಖೆ ಕೊಡುವ ಸದ್ಯದ ಸೂಚನೆಯನ್ನು ನೋಡಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಘಟ್ಟದ ಮೇಲಿನ ಪಂಚಾಯಿತಿಯಲ್ಲಿ ನಾಲ್ಕು ಗಂಟೆಗೆ ದಾಖಲಾದ ಮಳೆ ಕೆಳಗಿನ ಊರಿಗೆ ಆರು ಗಂಟೆಯ ಮುನ್ಸೂಚನೆ. ಅದನ್ನು ಕೆಳಗಿನವರ ಮೊಬೈಲಿಗೆ ತಲುಪಿಸುವುದು ಇಂದಿನ ತಂತ್ರಜ್ಞಾನಕ್ಕೆ ಕಷ್ಟದ ಕೆಲಸವೇನಲ್ಲ.

ಭೂಪಟದ ಒಂದು ಗೆರೆಯ ಬಗ್ಗೆ ನನಗೆ ಬಹಳ ಕಾಲದಿಂದ ಅಸಮಾಧಾನವಿದೆ. ಇಲಾಖೆಯ ಉಪವಿಭಾಗದಲ್ಲಿ ‘ಕರಾವಳಿ ಕರ್ನಾಟಕ’ ಎಂದರೆ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಈ ಮೂರು ಜಿಲ್ಲೆಗಳು, ಇಡಿಯಾಗಿ. ಹಾಗಾಗಿ ಹಳಿಯಾಳವೂ ಮುಂಡಗೋಡವೂ ಲೆಕ್ಕದಲ್ಲಿ ಕರಾವಳಿಯೇ. ಅಲ್ಲಿ ಧಾರವಾಡ, ಹಾವೇರಿಯ ಬಯಲಿನ ಗಾಳಿ, ಕರಾವಳಿಯ ಮೂರರಲ್ಲೊಂದರಷ್ಟು ಮಳೆ. ‘ಉತ್ತರ ಕನ್ನಡಕ್ಕೆ ಸಾಧಾರಣ ಮಳೆ’ ಎಂಬ ಒಂದು ಸಾಲು ಕಡಲ ದಂಡೆ, ಘಟ್ಟದ ನೆತ್ತಿ, ಬಯಲು ಸೀಮೆಯ ಅಂಚು ಮೂರಕ್ಕೂ ಅನ್ವಯಿಸಬೇಕು. ಕುಮಟಾದ ಕಡಲಿನಿಂದ ದೇವಿಮನೆ ಘಟ್ಟದ ನೆತ್ತಿಗೆ ನೇರ ಗೆರೆ ಎಳೆದರೆ ಮೂವತ್ತು ಕಿಲೋಮೀಟರ್ ಕೂಡ ಆಗುವುದಿಲ್ಲ. ಹನ್ನೆರಡು ಕಿಲೋಮೀಟರಿನ ಚೌಕಗಳಲ್ಲಿ ಲೆಕ್ಕ ಹಾಕುವ ಮಾದರಿಗೆ ಸಮುದ್ರದಿಂದ ಘಟ್ಟದ ತುದಿವರೆಗಿನ ಏರು ಎಂದರೆ ಎರಡು ಚೌಕ. 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಆರು ಕಿಲೋಮೀಟರಿನ ಚೌಕದಲ್ಲಿ ಲೆಕ್ಕ ಹಾಕುತ್ತದೆ. ಇದು ನಮ್ಮಂಥ ಇಕ್ಕಟ್ಟಿನ ಕರಾವಳಿಗೆ ನಿಜವಾದ ಲಾಭ. ಆದರೆ ಚೌಕ ಸಣ್ಣದಾದ ಮೇಲೂ ಪ್ರಕಟಣೆಯಲ್ಲಿ ಜಿಲ್ಲೆ ಒಂದೇ ಎಂದು ಹೇಳುತ್ತಿದ್ದರೆ ಆ ಲಾಭ ಜನರಿಗೆ ಮುಟ್ಟುವುದಿಲ್ಲ.

ಗದ್ದೆಗೆ ಬರೋಣ. ಕರಾವಳಿಯ ಮಳೆಗಾಲದ ಭತ್ತ ಸೆಪ್ಟೆಂಬರಿನಲ್ಲಿ ಹಾಲು ತುಂಬಿ, ಕೊನೆಯ ವಾರದಿಂದ ಅಕ್ಟೋಬರ್ ಪೂರ್ತಿ ಕೊಯ್ಲಿಗೆ ಬರುತ್ತದೆ. ತೆನೆ ತೂಗಿದ ಮೇಲೆ ಸಂಜೆ ಮಳೆಯ ಒಂದೊಂದು ಬಡಿತಕ್ಕೂ ಪೈರು ಮಲಗುತ್ತದೆ, ಮಲಗಿದ ತೆನೆ ಎರಡು ಮೂರು ದಿನ ನೀರಿನಲ್ಲಿದ್ದರೆ ಗದ್ದೆಯಲ್ಲೇ ಮೊಳಕೆ. ಕಟಾವು ಯಂತ್ರ ಕೆಸರಿಗೆ ಇಳಿಯಲಾರದು. ಕೊಯ್ದು ಹರವಿದ್ದಕ್ಕೆ ಮಳೆ ಬಿದ್ದರೆ ಹುಲ್ಲು ಕಪ್ಪಾಗಿ ದನಗಳಿಗೂ ಆಗುವುದಿಲ್ಲ. ಬೆಳೆ ನಷ್ಟದ ಪರಿಹಾರದ ಮಾತಿನಲ್ಲಿ ಕಾಳಿನ ಲೆಕ್ಕವೇ ಮುಂದೆ ಬರುತ್ತದೆ. ಹುಲ್ಲು ಹೋದದ್ದರ ನಷ್ಟ ಇಡೀ ವರ್ಷ ಕೊಟ್ಟಿಗೆಯಲ್ಲಿ ಕಾಣುತ್ತದೆ. ಬೆಳಗಿನ ಹೊತ್ತು ಕೊಯ್ದು, ಮಧ್ಯಾಹ್ನ ಎರಡರೊಳಗೆ ಹೊರೆ ಕಟ್ಟಿ ಮನೆ ಸೇರಿಸುವ ಹಳೆಯ ಪದ್ಧತಿ ಈ ಸಂಜೆ ಮಳೆಯ ಗುಣ ತಿಳಿದೇ ಬಂದದ್ದು. ಕೂಲಿಯಾಳು, ಯಂತ್ರ ಸಿಕ್ಕಿದ ಹೊತ್ತಿಗೆ ಕೊಯ್ಯಬೇಕಾದ ಇಂದಿನವರಿಗೆ ಆ ಸ್ವಾತಂತ್ರ್ಯವಿಲ್ಲ. ಅವರಿಗೆ ವಾರದ ಮುನ್ನೋಟದ ಬೆಲೆ ಇನ್ನೂ ಹೆಚ್ಚು.

ಅಘನಾಶಿನಿಯ ಅಳಿವೆಯಲ್ಲಿ, ಕುಮಟಾದ ಮಾಣಿಕಟ್ಟಾದ ಕಡೆ, ಕಥೆ ಬೇರೆ. ಗಜನಿ ಎಂಬ ಅಳಿವೆಯ ತಗ್ಗು ಗದ್ದೆಗಳ ಕಗ್ಗ ಭತ್ತ ಉಪ್ಪುನೀರನ್ನೂ ನೆರೆಯನ್ನೂ ತಾಳುತ್ತದೆ, ಗೊಬ್ಬರ ಔಷಧಿ ಬೇಡುವುದಿಲ್ಲ. ಆದರೂ ಅದಕ್ಕೆ ಸೆಪ್ಟೆಂಬರಿನ ಸಿಹಿನೀರು ಬೇಕು. ಮಳೆ ಬೇಗ ಕೈಕೊಟ್ಟು ಹೊಳೆಯ ರಭಸ ಇಳಿದರೆ ಭರತದ ಉಪ್ಪುನೀರು ಒಳಗೆ ಏರುತ್ತದೆ. ಜಂತ್ರಡಿಯ, ಎಂದರೆ ಒಡ್ಡಿನ ತೂಬಿನ, ಬಾಗಿಲು ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಮಳೆ ಮತ್ತು ಅಮಾವಾಸ್ಯೆ, ಹುಣ್ಣಿಮೆ ಎರಡನ್ನೂ ನೋಡಿ ನಿರ್ಧಾರವಾಗಬೇಕು. ಭತ್ತದ ಬಯಲಿಗೆ ಶಾಪವಾದ ಮಳೆಯೇ ಎರಡು ಮೈಲಿ ಆಚೆಯ ಗಜನಿಗೆ ವರ. ತೋಟದವರಿಗೆ ಬೇಕಾದದ್ದು ಮೂರನೆಯದು: ಬೋರ್ಡೋ ದ್ರಾವಣ ಹೊಡೆದ ಮೇಲೆ ಅದು ಗೊನೆಗೆ ಅಂಟಿ ಒಣಗುವಷ್ಟು ಹೊತ್ತಿನ ಬಿಸಿಲು. ಒಮ್ಮೆ ಮಳೆ, ಒಮ್ಮೆ ಬಿಸಿಲು ಎಂದು ಸೆಪ್ಟೆಂಬರ್ ಆಟವಾಡಿದರೆ ಕೊಳೆರೋಗ ಹರಡಲು ಅದಕ್ಕಿಂತ ಒಳ್ಳೆಯ ಹವೆ ಬೇರೆ ಇಲ್ಲ.

ಕಡಲಿನಲ್ಲೂ ಇದು ಸಂಧಿಕಾಲ. ಮಳೆಗಾಲದ ಗಾಳಿ, ಪ್ರವಾಹಗಳ ಒಟ್ಟು ಪರಿಣಾಮದಿಂದ ಆಳದ ತಣ್ಣನೆಯ, ಸತ್ವಭರಿತ ನೀರು ತೀರದ ಕಡೆಗೆ ಮೇಲೆ ಬರುತ್ತದೆ. ಅದನ್ನುಂಡು ಸೂಕ್ಷ್ಮಸಸ್ಯಗಳು ಬೆಳೆಯುತ್ತವೆ, ಅವನ್ನು ಅರಸಿ ತಾರ್ಲೆ, ಬಂಗಡೆ ಹಿಂಡುಗಳು ಬರುತ್ತವೆ. ಆದರೆ ಮೇಲೆದ್ದ ಆ ನೀರಿನಲ್ಲಿ ಆಮ್ಲಜನಕ ಕಡಿಮೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಮ್ಮ ತೀರದ ತಳದ ನೀರು ಉಸಿರುಕಟ್ಟುವ ಮಟ್ಟಕ್ಕೆ ಇಳಿಯುತ್ತದೆ. ಆಗ ತಳದ ಮೀನು ಜಾಗ ಬಿಡುತ್ತದೆ, ಟ್ರಾಲರಿನ ಬಲೆ ಹಗುರಾಗಿ ಮೇಲೆ ಬಂದರೆ ಅಚ್ಚರಿಯಿಲ್ಲ. ಅಕ್ಟೋಬರಿನಲ್ಲಿ ಮೇಲ್ಮೈ ನೀರು ಮತ್ತೆ ಬೆಚ್ಚಗಾಗುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಉಪಗ್ರಹದಿಂದ ನೀರಿನ ಬಣ್ಣ, ಬಿಸಿ ನೋಡಿ ಮೀನು ಸಿಗಬಹುದಾದ ಜಾಗಗಳನ್ನು ಹೇಳುತ್ತದೆ. ಮೋಡ ಹರಿಯುವ ಈ ತಿಂಗಳಿನಿಂದ ಉಪಗ್ರಹಕ್ಕೆ ಕಡಲು ಚೆನ್ನಾಗಿ ಕಾಣಲು ತೊಡಗುತ್ತದೆ.

ಬೆಚ್ಚಗಾದ ಅದೇ ಕಡಲು ಚಂಡಮಾರುತಕ್ಕೂ ನೆಲೆ. ಅರಬ್ಬಿ ಸಮುದ್ರದ ಎರಡನೇ ಚಂಡಮಾರುತ ಹಂಗಾಮು ಅಕ್ಟೋಬರಿನಲ್ಲಿ ತೆರೆಯುತ್ತದೆ. 2019ರ ದೀಪಾವಳಿ ಅಕ್ಟೋಬರ್ 27ರಂದು. ಅದೇ ದಿನ ‘ಕ್ಯಾರ್’ ಸೂಪರ್ ಸೈಕ್ಲೋನ್ ಮಟ್ಟಕ್ಕೇರಿತು, 2007ರ ‘ಗೊನು’ ಬಿಟ್ಟರೆ ಈ ಕಡಲು ಅಂಥದ್ದನ್ನು ಕಂಡಿರಲಿಲ್ಲ. ಅದು ನಮ್ಮ ನೆಲ ಮುಟ್ಟಲಿಲ್ಲ, ಒಮಾನಿನ ದಿಕ್ಕಿಗೆ ಹೋಗಿ ಕಡಲಿನಲ್ಲೇ ಕರಗಿತು. ಆದರೂ ಅದು ರೂಪುಗೊಳ್ಳುತ್ತಿದ್ದ ದಿನಗಳಲ್ಲಿ ನಮ್ಮ ತೀರದಲ್ಲಿ ಮಳೆ, ಗಾಳಿ, ಎತ್ತರದ ಅಲೆ. ‘ಚಂಡಮಾರುತ ದೂರ ಹೋಗುತ್ತಿದೆ’ ಎಂಬ ಶೀರ್ಷಿಕೆ ಓದಿ ಕಡಲಿಗಿಳಿಯುವುದು ಹೆಚ್ಚು ಅಪಾಯ, ಏಕೆಂದರೆ ನೂರಾರು ಕಿಲೋಮೀಟರ್ ಆಚೆ ಎದ್ದ ಅಲೆ ಶಾಂತ ಗಾಳಿಯ ದಿನವೂ ದಡಕ್ಕೆ ಬರುತ್ತದೆ. ದಸರೆಯ ರಜೆಗೆ ಗೋಕರ್ಣ, ಮುರ್ಡೇಶ್ವರಕ್ಕೆ ಬರುವ ಒಳನಾಡಿನ ಕುಟುಂಬಗಳಿಗೂ ಈ ಮಾತು. ಬಿಸಿಲಿರುವ ದಿನ ಕಡಲು ಸುಮ್ಮನಿದೆ ಎಂದು ಕಾಣುತ್ತದೆ. ಆದರೆ ಮಳೆಗಾಲ ಕೊರೆದ ಮರಳಿನ ದಿಣ್ಣೆಗಳ ನಡುವೆ ಹೊರಗೆಳೆಯುವ ಸುಳಿನೀರು ಎಲ್ಲಿದೆ ಎಂದು ತಿಳಿದವರು ಜೀವರಕ್ಷಕರು ಮತ್ತು ಊರಿನ ಮೀನುಗಾರರು. ಅವರು ಬೇಡವೆಂದ ಕಡೆ ಇಳಿಯಬಾರದು.

ಕೊನೆಯದಾಗಿ ಜಲಾಶಯಗಳು. ಕಾಳಿಗೆ ಸೂಪಾ, ಶರಾವತಿಗೆ ಲಿಂಗನಮಕ್ಕಿ, ಎರಡೂ ಸುಮಾರು 150 ಟಿಎಂಸಿ ಅಡಿಯ ದೊಡ್ಡ ಪಾತ್ರೆಗಳು. ಒಳ್ಳೆಯ ಮಳೆಯ ವರ್ಷದಲ್ಲಿ ಸೆಪ್ಟೆಂಬರಿಗೆ ತುಂಬುವ ಹಂತದಲ್ಲಿರುತ್ತವೆ. ಬೇಸಿಗೆಯ ವಿದ್ಯುತ್ತಿಗಾಗಿ ತುಂಬಿಸಿಟ್ಟುಕೊಳ್ಳಬೇಕಾದದ್ದೂ ನ್ಯಾಯವೇ. ಅವುಗಳ ಕೆಳಗಿನ ಕದ್ರಾ, ಗೇರುಸೊಪ್ಪೆಗಳು ಚಿಕ್ಕವು, ಅಲ್ಲಿ ನೀರು ಹಿಡಿದಿಡಲು ಹೆಚ್ಚು ಜಾಗವಿಲ್ಲ. 2021ರ ಜುಲೈಯಲ್ಲಿ ಕದ್ರಾದಿಂದ ಬಿಟ್ಟ ನೀರು ಕಾಳಿಯ ದಂಡೆಯ ಊರುಗಳಿಗೆ ನುಗ್ಗಿದ್ದು ಅಲ್ಲಿನವರಿಗೆ ಮರೆತಿಲ್ಲ. ತುಂಬಿದ ಜಲಾಶಯದ ಮೇಲೆ 2009ರಂಥ ಅಕ್ಟೋಬರ್ ಮಳೆ ಬಿದ್ದರೆ ಗೇಟು ತೆಗೆಯದೆ ದಾರಿಯಿರುವುದಿಲ್ಲ. ಅಂದು ಅಮಾವಾಸ್ಯೆಯೋ ಹುಣ್ಣಿಮೆಯೋ ಆಗಿದ್ದರೆ, ವಿಷುವದ ಆಸುಪಾಸಿನ ಜೋರಿನ ಭರತ ಅಳಿವೆಯ ಬಾಯಿ ತಡೆದು ಹೊಳೆಯ ನೀರನ್ನು ಹಿಂದಕ್ಕೆ ಒತ್ತುತ್ತದೆ. ಜೂನ್, ಜುಲೈಯಲ್ಲಿ ಡಂಗುರ ಸಾರಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ನೀರು ಬಿಡುವ ಹೊತ್ತು ತಿಳಿಸುವ ವ್ಯವಸ್ಥೆಯನ್ನು ಸ್ವಾತಿ ಮಳೆ ಮುಗಿಯುವವರೆಗೆ ಹಾಗೆಯೇ ಇಟ್ಟುಕೊಳ್ಳಬೇಕು. ದಿನದ ಜಲಮಟ್ಟ, ಒಳಹರಿವು, ಅಂದಿನ ಭರತದ ಹೊತ್ತು ಈ ಮೂರೂ ಒಂದೇ ಪ್ರಕಟಣೆಯಲ್ಲಿ ಕದ್ರಾದಿಂದ ಕಾರವಾರದವರೆಗೆ, ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ದಂಡೆಯ ಪ್ರತಿ ಪಂಚಾಯಿತಿಗೂ ಬೆಳಿಗ್ಗೆ ತಲುಪಬೇಕು. ಘಟ್ಟದ ಮೇಲೆ ಮಧ್ಯಾಹ್ನ ದೊಡ್ಡ ಮಳೆಯಾದರೆ ಕತ್ತಲಾಗುವ ಮೊದಲು ಇನ್ನೊಮ್ಮೆ.